ಪುಟ್ಟಣ್ಣನವರ ಚಂದ್ರಾ ಮತ್ತು ನಮ್ಮೂರ ಹೆಣ್ಣುಮಕ್ಕಳು

ಬೋಲಪಟವೆಂದರೆ ಪಾಳಿ ಮುಗಿಸಿ ಬಂದವನ ದಣಿವಾರಿಸುವ ಸರಕು, ಅದಕ್ಕೆ ಪತ್ರಿಕೆಯಲ್ಲಿ ಜಾಗವೇಕೆ ಎಂದು ಕೇಳುವ ಬಂಧುಗಳಿದ್ದಾರೆ. ಪುಟ್ಟಣ್ಣ ಕಣಗಾಲರ ವಿಷಯದಲ್ಲಿ ಈ ಆಕ್ಷೇಪಣೆಯನ್ನು ನಾವು ಒಪ್ಪಲಾರೆವು. 1933ರಲ್ಲಿ ಮೈಸೂರು ಜಿಲ್ಲೆಯ ಕಣಗಾಲಿನಲ್ಲಿ ಹುಟ್ಟಿ 1985ರಲ್ಲಿ ತೀರಿಕೊಂಡ ಈ ದಿಗ್ದರ್ಶಕರು ನಮಗೆ ಮೆಚ್ಚಾದದ್ದು ಹಾಡು, ಬೆಟ್ಟಗುಡ್ಡಗಳ ಸೊಬಗಿಗಾಗಿ ಅಲ್ಲ.

ಅವರ ‘ಬೆಳ್ಳಿಮೋಡ’ (1967) ನೋಡಿರಿ. ಆಸ್ತಿಗೆ ಒಬ್ಬಳೇ ವಾರಸುದಾರಳೆಂದು ಹುಡುಗಿಯನ್ನು ಒಪ್ಪಿದ ವರ, ಅವಳಿಗೊಬ್ಬ ತಮ್ಮ ಹುಟ್ಟಿದೊಡನೆ ಹಿಂದೆ ಸರಿಯುತ್ತಾನೆ. ಮುಂದೆ ಅವನೇ ಮತ್ತೆ ಮದುವೆಯ ಮಾತೆತ್ತಿದಾಗ ಇಂದಿರೆ ಒಲ್ಲೆನೆನ್ನುತ್ತಾಳೆ. ಮದುವೆಯಲ್ಲಿ ವ್ಯಾಪಾರವೆಷ್ಟು ಎಂಬುದನ್ನು ತಕ್ಕಡಿ ಹಿಡಿದ ನಮ್ಮ ಅಂಗಡಿಕಾರ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನಮ್ಮ ಸೀಮೆಗೆ ನೇರವಾಗಿ ತಟ್ಟುವ ಚಿತ್ರ ‘ಗೆಜ್ಜೆಪೂಜೆ’. ಎಂ. ಕೆ. ಇಂದಿರಾ ಅವರ ಕಾದಂಬರಿಯಿಂದ ತೆಗೆದದ್ದು, 1969ರದು. (ಹುಕ್ಕೇರಿಯವರು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡದ್ದೂ ಅದೇ ವರ್ಷವೇ.) ವೇಶ್ಯೆಯ ಮನೆಯಲ್ಲಿ ಹುಟ್ಟಿದ ಚಂದ್ರಾ ಓದಬೇಕು, ಮದುವೆಯಾಗಬೇಕು ಎಂದು ಆಸೆಪಡುತ್ತಾಳೆ. ಮದುವೆಯ ಮಾತು ಮುರಿದು ಬೀಳುತ್ತದೆ. ಗೆಜ್ಜೆ ಪೂಜೆಗೆ ಒಪ್ಪಿದವಳು ಪ್ರಾಣವನ್ನೇ ಕಳೆದುಕೊಳ್ಳುತ್ತಾಳೆ. ಆ ಪಾತ್ರದಲ್ಲಿ ಕಲ್ಪನಾ ಅವರನ್ನು ನೋಡಿ ಕಣ್ಣೊರೆಸಿಕೊಳ್ಳದವರು ಕಡಿಮೆ.

ಗೆಜ್ಜೆ ಪೂಜೆ ಆ ಕಡೆಯ ಮಾತು. ನಮ್ಮ ಕಡೆ ‘ಮುತ್ತು ಕಟ್ಟುವುದು’ ಎನ್ನುತ್ತಾರೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳಿಂದ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದ ಕಾಲದಿಂದ ಆ ಮಾತಿನ ಅರ್ಥ ಯಾರಿಗೆ ತಿಳಿಯದು? ಮುತ್ತು ಕಟ್ಟಿಸಿಕೊಂಡವರು ಬಹುತೇಕ ದಲಿತ ಕೇರಿಯ ಬಡವರ ಮಕ್ಕಳು. ಗೌಡರ, ಸಾವುಕಾರರ ಮಕ್ಕಳಲ್ಲ. ಮುಂಬಯಿ ಸರಕಾರ ಇದರ ವಿರುದ್ಧ 1934ರಲ್ಲಿಯೇ ಕಾಯಿದೆ ಮಾಡಿತ್ತು. ಅದು ಸಾಲದೆಂದು ಕರ್ನಾಟಕ 1982ರಲ್ಲಿ ಇನ್ನೊಂದು ಮಾಡಬೇಕಾಯಿತು. ನಡುವಿನ 48 ವರ್ಷ ಕಾಯಿದೆ ಕಾಗದದಲ್ಲಿತ್ತು, ಮುತ್ತು ಕೊರಳಲ್ಲಿತ್ತು. ಯಾರೂ ಮನೆಯಲ್ಲಿ ಎತ್ತದ ಈ ಮಾತನ್ನು ಪುಟ್ಟಣ್ಣನವರು ಹೆಂಡತಿ ಮಕ್ಕಳೊಡನೆ ಕುಳಿತು ನೋಡುವ ಪರದೆಯ ಮೇಲೆ ತಂದರು. ಆ ಧೈರ್ಯಕ್ಕೆ ನಮ್ಮ ನಮಸ್ಕಾರ.

ತಕರಾರೂ ಇದೆ. ‘ಶರಪಂಜರ’ದ (1971) ಕಾವೇರಿ ಗುಣವಾಗಿ ಮನೆಗೆ ಬಂದರೂ ಮನೆಯವರ ಸಂಶಯವೇ ಅವಳನ್ನು ಮತ್ತೆ ಹುಚ್ಚಿಗೆ ನೂಕುತ್ತದೆ. ‘ರಂಗನಾಯಕಿ’ (1981) ನಾಟಕ ಕಂಪನಿಯ ನಟಿಯ ಕಥೆ. ಅವಳಿಗೂ ಕೊನೆಗೆ ಸಾವೇ ಗತಿ. ಪಾರಿಜಾತದ ಆಟದಲ್ಲಿ ಹೆಸರು ಮಾಡಿದ ಕೌಜಲಗಿ ನಿಂಗಮ್ಮನ ನಾಡಿನವರಾದ ನಮಗೆ ಇದು ಅಷ್ಟಾಗಿ ಒಗ್ಗದು. ‘ಪಡುವಾರಳ್ಳಿ ಪಾಂಡವರು’ (1978) ಚಿತ್ರದಲ್ಲಿ ಐವರು ಯುವಕರು ಊರ ಜಮೀನುದಾರನಿಗೆ ಎದುರು ನಿಲ್ಲುತ್ತಾರೆ. ಗಂಡಸರಿಗೆ ಕೊಟ್ಟ ಆ ಒಗ್ಗಟ್ಟನ್ನು ಹೆಣ್ಣುಮಕ್ಕಳಿಗೂ ಕೊಡಬಾರದಿತ್ತೆ? ಅವರ ನಾಯಕಿಯರು ಒಬ್ಬೊಬ್ಬರೇ ಹೋರಾಡಿ ಒಬ್ಬೊಬ್ಬರೇ ಸೋಲುತ್ತಾರೆ. ಗಿರಣಿಯಲ್ಲಿ ಸಂಘ ಕಟ್ಟಿದವರಿಗೆ ಈ ಕೊರತೆ ಥಟ್ಟನೆ ಕಾಣುತ್ತದೆ.

ಪರದೆಯ ಮೇಲೆ ಆಗದ್ದು ನಮ್ಮ ನೆಲದಲ್ಲಿ ಆಯಿತು. 1997ರಲ್ಲಿ ಗೋಕಾಕ ತಾಲೂಕಿನ ಘಟಪ್ರಭೆಯಲ್ಲಿ ಮಾಜಿ ದೇವದಾಸಿಯರೇ ಸೇರಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಕಟ್ಟಿದರು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರು ತಾವೇ ಏಳು ವರ್ಷದ ಎಳೆತನದಲ್ಲಿ ಮುತ್ತು ಕಟ್ಟಿಸಿಕೊಂಡವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಆದ್ದರಿಂದ ನಮ್ಮದೊಂದು ಸೂಚನೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಕೂಡಿ ‘ಗೆಜ್ಜೆಪೂಜೆ’ಯನ್ನು ಮತ್ತೊಮ್ಮೆ ಪರದೆ ಕಟ್ಟಿ ತೋರಿಸಲಿ. ಆಟ ಮುಗಿದ ಮೇಲೆ ದೀಪ ಹಚ್ಚಿ, ಘಟಪ್ರಭೆಯ ಆ ಅಕ್ಕಂದಿರನ್ನು ವೇದಿಕೆಗೆ ಕರೆಯಲಿ. ಪುಟ್ಟಣ್ಣನವರು ನಿಲ್ಲಿಸಿದಲ್ಲಿಂದ ಕಥೆಯನ್ನು ಅವರು ಹೇಳುತ್ತಾರೆ.