ಕಾಲುಂದರ್ ಮೀನಿನ ಗೂಡು ಉಳಿಸಿ: ಗಾಳ ಹಿಡಿಯುವ ಗೋವಾ ಕನ್ನಡಿಗರ ಹಕ್ಕೊತ್ತಾಯ ಪತ್ರ

ಗೋವಾ ಮೀನುಗಾರಿಕೆ ನಿರ್ದೇಶನಾಲಯ, ನದಿತೀರದ ಪಂಚಾಯಿತಿಗಳು ಮತ್ತು ಖಾಜಾನ್ ಗೇಣಿದಾರರ ಸಂಘಗಳಿಗೆ,



ಹೊಟ್ಟೆಪಾಡಿಗೆ ಘಟ್ಟ ಇಳಿದು ಬಂದ ನಾವು, ರಜೆ ಸಿಕ್ಕಿದರೆ ಮಾಂಡವಿ, ಜುವಾರಿ ದಡದಲ್ಲಿ ಗಾಳ ಹಾಕಿ ಕೂರುವವರು. ಕಾಲುಂದರ್ ನಮಗೆಲ್ಲ ಇಷ್ಟದ ಮೀನು. ಕೇರಳದಲ್ಲಿ ಇದೇ ಕರಿಮೀನು. 2010ರಲ್ಲಿ ಅದನ್ನು ಅಲ್ಲಿ ರಾಜ್ಯಮೀನೆಂದು ಸಾರಿದರು.

ತಣ್ಣೀರಿನ ಟ್ರೌಟ್ ಹೊಳೆಯ ಜಲ್ಲಿಯಲ್ಲಿ ಮೊಟ್ಟೆಯಿಟ್ಟು, ಮುಚ್ಚಿ, ಹೊರಟುಹೋಗುತ್ತದೆ. ಅಲ್ಲಿ ಗಾಳದವರು ಆ ಜಾಗ ತುಳಿಯದಿದ್ದರೆ ಬಹುಪಾಲು ಸಾಕು. ಕಾಲುಂದರ್ ಹಾಗೆ ಮೊಟ್ಟೆ ಬಿಟ್ಟು ಹೋಗುವುದಿಲ್ಲ. ಗಂಡು ಹೆಣ್ಣು ಸೇರಿ ದಡದ ತೆಳುನೀರಿನಲ್ಲಿ ಕಲ್ಲನ್ನೋ ಮುಳುಗಿದ ಕೊರಡನ್ನೋ ಬಾಯಿಂದ ಉಜ್ಜಿ, ಅದಕ್ಕೆ ಮೊಟ್ಟೆ ಅಂಟಿಸುತ್ತವೆ. ರೆಕ್ಕೆಯಿಂದ ನೀರು ಬೀಸುತ್ತ ಕಾಯುತ್ತವೆ. ಮೊಟ್ಟೆಯೊಡೆದ ಮರಿಗಳನ್ನು ತಳದಲ್ಲಿ ತೋಡಿದ ಕುಳಿಗೆ ಬಾಯಲ್ಲೇ ಸಾಗಿಸುತ್ತವೆ; ಅವು ಈಜತೊಡಗಿದ ಮೇಲೂ ಜೊತೆ ಬಿಡುವುದಿಲ್ಲ. ಕಾವಲಿದ್ದ ಮೀನನ್ನು ನಾವು ಎಳೆದುಕೊಂಡರೆ ಮೊಟ್ಟೆಗಳೆಲ್ಲ ಬೇರೆ ಮೀನುಗಳ ಬಾಯಿಗೆ. ನಮ್ಮ ಕೈಯಿಂದಲೇ ಹೀಗಾಗಿದೆ. ಆ ಸಂಕಟದಿಂದಲೇ ಈ ಒತ್ತಾಯ.

1. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಯಾಂತ್ರಿಕ ದೋಣಿಗಳಿಗೆ. ದಡದ ಗೂಡಿಗೆ ಅದರಿಂದ ರಕ್ಷಣೆಯಿಲ್ಲ. ಹಳೇ ಗೋವಾದ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯ ನೆರವಿನಿಂದ ಪ್ರತಿ ನದಿಯಲ್ಲಿ ಗೂಡಿನ ಕಾಲ, ಗೂಡಿರುವ ದಡ ಗುರುತಿಸಿ, ಆ ದಿನಗಳಲ್ಲಿ ಹವ್ಯಾಸಿಗಳ ಗಾಳವನ್ನು ಆ ದಡಗಳಲ್ಲಿ ನಿಲ್ಲಿಸಿ.

2. ನಿರ್ಬಂಧ ಮೊದಲು ನಮ್ಮಂಥ ಹವ್ಯಾಸಿಗಳ ಮೇಲೆ ಬರಲಿ. ಮೀನು ಮಾರಿಯೇ ಒಲೆ ಹೊತ್ತಿಸುವ ನದಿ ಮೀನುಗಾರರನ್ನು ಕೇಳದೆ ಅವರ ಮೇಲೆ ಒಂದು ನಿಯಮವನ್ನೂ ಹೇರಬೇಡಿ. ಗೂಡು ಎಲ್ಲಿದೆ ಎಂಬುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಅವರಿಗೇ.

3. ನದಿಯಂಚಿನಲ್ಲಿ ಒಡ್ಡು ಕಟ್ಟಿದ ಖಾಜಾನ್ ಗದ್ದೆಗಳಿಗೆ ನುಗ್ಗುವ ಉಬ್ಬರದ ನೀರನ್ನು ಹಿಡಿತದಲ್ಲಿಡುವ ಮಾನಸ್, ಅಂದರೆ ತೂಬಿನ ಬಾಗಿಲು, ಮೀನಿಗೂ ದಾರಿ. ಅಲ್ಲಿನ ಮೀನಿನ ಹಕ್ಕು ಹರಾಜಾಗುತ್ತದೆ. ಗೂಡಿನ ಕಾಲದಲ್ಲಿ ಒಳಗಿನ ಹೊಂಡವನ್ನು ತಳ ಕಾಣುವಂತೆ ಬಸಿಯಬಾರದು, ವಿಷ ಹಾಕಬಾರದು ಎಂದು ಹರಾಜಿನ ಕರಾರಿನಲ್ಲೇ ಬರೆಸಿ. ಮುರಿದವರ ಗುತ್ತಿಗೆ ರದ್ದಾಗಲಿ.

4. ಅದೇ ದಿನಗಳಲ್ಲಿ ಒಡ್ಡಿನ ದುರಸ್ತಿ, ಹೂಳೆತ್ತುವ ಕೆಲಸ ಬೇಡ. ಕದಡಿದ ಕೆಸರು ಮೊಟ್ಟೆಯ ಮೇಲೆ ಕೂತರೆ ಅದಕ್ಕೆ ಉಸಿರಿಲ್ಲ.

5. ಎಚ್ಚರಿಕೆ ಫಲಕ ಕೊಂಕಣಿ, ಮರಾಠಿಯ ಜೊತೆ ಕನ್ನಡದಲ್ಲೂ ಇರಲಿ. ವಾಸ್ಕೊ, ಜುವಾರಿನಗರದಿಂದ ಗಾಳ ಹಿಡಿದು ಬರುವ ನಮ್ಮವರು ಓದುವಂತಿರಲಿ.

6. ನಮ್ಮ ಪಾಲಿನದನ್ನು ನಾವು ಇಂದಿನಿಂದಲೇ ಮಾಡುತ್ತೇವೆ. ತೆಳುನೀರಿನಲ್ಲಿ ಇಳಿದು ನಡೆಯುವುದಿಲ್ಲ. ಕಲ್ಲಿನ ಬಳಿ ಜೋಡಿಮೀನು ಸುತ್ತುತ್ತಿದ್ದರೆ ಅಲ್ಲಿ ಗಾಳ ಎಸೆಯುವುದಿಲ್ಲ. ತಪ್ಪಿ ಸಿಕ್ಕಿದರೆ ಒದ್ದೆ ಕೈಯಲ್ಲಿ ಬಿಡಿಸಿ, ಸಿಕ್ಕಿದ ಜಾಗದಲ್ಲೇ ಬಿಡುತ್ತೇವೆ. ಹತ್ತು ಮಾರು ಆಚೆ ಬಿಟ್ಟರೂ ಅದು ಗೂಡಿಗೆ ಮರಳುವ ಹೊತ್ತಿಗೆ ತಡವಾಗಿರಬಹುದು.

ಇಂತಿ,
ಮಾಂಡವಿ, ಜುವಾರಿ ದಡಗಳಲ್ಲಿ ಗಾಳ ಹಾಕುವ ಕನ್ನಡಿಗರು