ಟೊಮೆಟೊ, ಸೌತೆಕಾಯಿ ಮತ್ತು ಅಪ್ಪ-ಅಮ್ಮಂದಿರ ಆತಂಕ

ಪತ್ರಿಕೋದ್ಯಮದ ತರಗತಿಯಲ್ಲಿ ಮಕ್ಕಳು ಮತ್ತು ಟಿವಿ ಅನ್ನೋ ಪಾಠ ಬಂದರೆ ಸಾಕು, ಟಿಂಕಿ ವಿಂಕಿಯ ಕಥೆ ಬರುತ್ತದೆ. 1999ರಲ್ಲಿ ಅಮೆರಿಕದ ಪಾದ್ರಿ ಜೆರ್ರಿ ಫಾಲ್ವೆಲ್ ಅವರ ಪತ್ರಿಕೆ, ಟೆಲಿಟಬ್ಬೀಸ್ ಎಂಬ ಪುಟಾಣಿಗಳ ಕಾರ್ಯಕ್ರಮದ ಈ ಗೊಂಬೆ ಸಲಿಂಗಿಯ ಮಾದರಿ, ಹುಷಾರು ಅಂತ ಅಪ್ಪ-ಅಮ್ಮಂದಿರನ್ನು ಎಚ್ಚರಿಸಿತ್ತು. ಸಾಕ್ಷಿ ಏನು? ಮೈಬಣ್ಣ ನೇರಳೆ, ತಲೆ ಮೇಲೊಂದು ತ್ರಿಕೋನ, ಕೈಯಲ್ಲೊಂದು ಚೀಲ. ತರಗತಿ ಗೊಳ್ಳೆಂದು ನಗುತ್ತದೆ, ಪಾಠ ಮುಂದಕ್ಕೆ ಹೋಗುತ್ತದೆ.

ನಗಬೇಕಾದ ವಿಷಯವೇ, ಬಿಡಿ. ಆದರೆ ಪಾಠ ಅಲ್ಲಿಗೇ ಮುಗಿದುಬಿಡುವುದು ನಮಗೆ ಸರಿ ಕಾಣುವುದಿಲ್ಲ. ಮಗು ದಿನಕ್ಕೆರಡು ತಾಸು ನೋಡುವ ಕಾರ್ಯಕ್ರಮ ಅದಕ್ಕೆ ಏನನ್ನು ಕಲಿಸುತ್ತಿದೆ ಅಂತ ಕೇಳಿದ ಜನರಲ್ಲಿ ಕ್ರೈಸ್ತ ಅಪ್ಪ-ಅಮ್ಮಂದಿರು ಮುಂಚೂಣಿಯಲ್ಲಿದ್ದರು. ಅವರು ಕಂಡುಕೊಂಡ ಉತ್ತರಗಳಲ್ಲಿ ಕೆಲವು ತಮಾಷೆ, ಕೆಲವು ಕ್ರೂರ, ಒಂದೆರಡು ಬಹಳ ದೊಡ್ಡವು. ಪ್ರಶ್ನೆ ಮಾತ್ರ ತಮಾಷೆಯದಲ್ಲ.

ಮೊದಲ ಉತ್ತರ ಬಹಿಷ್ಕಾರ. ಅಮೆರಿಕದ ಅತಿ ದೊಡ್ಡ ಪ್ರೊಟೆಸ್ಟೆಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಶನ್ 1997ರಲ್ಲಿ ಡಲ್ಲಾಸ್‌ನಲ್ಲಿ ಸಭೆ ಸೇರಿ, ಡಿಸ್ನಿಯ ಸಿನಿಮಾ, ಪಾರ್ಕು, ಆಟಿಕೆಗಳನ್ನೆಲ್ಲ ದೂರ ಇಡಿ ಅಂತ ತನ್ನ ಸದಸ್ಯರಿಗೆ ಕರೆ ಕೊಟ್ಟಿತು. ಸದಸ್ಯರ ಸಂಖ್ಯೆ ಒಂದೂವರೆ ಕೋಟಿಗೂ ಮೇಲೆ. ಬಹಿಷ್ಕಾರ ನಡೆದದ್ದು ಎಂಟು ವರ್ಷ, 2005ರವರೆಗೆ. ಇಲ್ಲಿ ಒಂದು ವಿಷಯ ಗಮನಿಸಬೇಕು. ದೊಡ್ಡ ದೂರುಗಳಲ್ಲಿ ಒಂದು ಕಾರ್ಟೂನಿನ ಮೇಲೆ ಇರಲೇ ಇಲ್ಲ. ಕಂಪನಿ ತನ್ನ ಸಲಿಂಗಿ ನೌಕರರ ಸಂಗಾತಿಗಳಿಗೂ ಆರೋಗ್ಯ ವಿಮೆಯ ಸೌಲಭ್ಯ ಕೊಟ್ಟಿತ್ತು, ಅದಕ್ಕೆ ಸಿಟ್ಟು. ಯಾರೋ ಒಬ್ಬ ಕೆಲಸಗಾರನ ಜೊತೆಗಾರನಿಗೆ ಆಸ್ಪತ್ರೆ ಖರ್ಚು ಸಿಕ್ಕರೆ ನಮ್ಮ ಮಗು ಹೇಗೆ ಕೆಡುತ್ತದೆ? ಇದಕ್ಕೆ ನಮಗಂತೂ ಉತ್ತರ ಹೊಳೆಯುತ್ತಿಲ್ಲ. ಮಕ್ಕಳ ಹೆಸರು ಹೇಳಿಕೊಂಡು ದೊಡ್ಡವರು ತಮ್ಮ ಜಗಳ ಆಡಿದ್ದು ಅದು. ಡಿಸ್ನಿಗೇನೂ ಆಗಲಿಲ್ಲ. ಬಹಿಷ್ಕಾರ ಮುಗಿದ ಅದೇ 2005ರ ಡಿಸೆಂಬರಿನಲ್ಲಿ ಡಿಸ್ನಿಯೇ ಸಿ. ಎಸ್. ಲೂಯಿಸ್ ಅವರ ನಾರ್ನಿಯಾ ಕಥೆಯನ್ನು ಸಿನಿಮಾ ಮಾಡಿ ಬಿಡುಗಡೆ ಮಾಡಿತು, ಪ್ರಚಾರಕ್ಕೆ ನೇರವಾಗಿ ಚರ್ಚುಗಳ ಬಾಗಿಲಿಗೇ ಹೋಯಿತು. ವ್ಯಾಪಾರ ಅಂದರೆ ಹಾಗೆ!

ನಾರ್ನಿಯಾ ಅಂದಕೂಡಲೇ ಹ್ಯಾರಿ ಪಾಟರ್ ನೆನಪಾಗಲೇಬೇಕು. ಮಾಟ-ಮಂತ್ರ ಕಲಿಸುತ್ತದೆ ಅಂತ ಅಮೆರಿಕದ ಶಾಲಾ ಗ್ರಂಥಾಲಯಗಳಿಂದ ಈ ಪುಸ್ತಕವನ್ನು ತೆಗೆಸಲು ಪೋಷಕರು ಅರ್ಜಿ ಮೇಲೆ ಅರ್ಜಿ ಹಾಕಿದರು. 2000ದಿಂದ 2009ರವರೆಗೆ ಅಲ್ಲಿ ಅತಿ ಹೆಚ್ಚು ಆಕ್ಷೇಪಣೆ ಎದುರಿಸಿದ ಪುಸ್ತಕಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಹ್ಯಾರಿ ಪಾಟರ್‌ದೇ. 2001ರ ಕೊನೆಗೆ ನ್ಯೂ ಮೆಕ್ಸಿಕೋದ ಅಲಮೊಗಾರ್ಡೊ ಎಂಬ ಊರಿನ ಒಂದು ಚರ್ಚು ಪುಸ್ತಕಗಳನ್ನು ಬೆಂಕಿಗೆ ಹಾಕಿತು. 2019ರಲ್ಲಿ ಪೋಲೆಂಡಿನಲ್ಲಿ ಕ್ಯಾಥೊಲಿಕ್ ಪಾದ್ರಿಗಳೂ ಅದನ್ನೇ ಮಾಡಿದರು. ಸರಿ, ಮಂತ್ರವೇ ಸಮಸ್ಯೆ ಅನ್ನೋಣ. ನಾರ್ನಿಯಾದಲ್ಲಿ ಇರುವುದೇನು? ಮಾಟಗಾತಿ ಇದ್ದಾಳೆ, ಮಂತ್ರದಂಡ ಇದೆ, ಜೀವ ಇದ್ದವರನ್ನು ಕಲ್ಲಾಗಿಸುವ ವಿದ್ಯೆ ಇದೆ. ಹ್ಯಾರಿಯನ್ನು ಮನೆಯೊಳಗೆ ಬಿಡದ ಎಷ್ಟೋ ಮನೆಗಳಲ್ಲಿ ಇದನ್ನು ರಾತ್ರಿ ಮಲಗುವಾಗ ಓದಿ ಹೇಳುತ್ತಾರೆ. ಯಾಕೆಂದರೆ ಲೂಯಿಸ್ ನಮ್ಮವರು. ಹ್ಯಾರಿಯ ಕೊನೆಯ ಪುಸ್ತಕದಲ್ಲಿ ಅವನ ಅಪ್ಪ-ಅಮ್ಮನ ಗೋರಿಯ ಮೇಲೆ ಕೆತ್ತಿರುವುದು ಬೈಬಲಿನ ವಾಕ್ಯ ಅನ್ನೋದು ಪುಸ್ತಕ ತೆರೆಯದೇ ಸುಟ್ಟವರಿಗೆ ತಿಳಿಯುವುದಾದರೂ ಹೇಗೆ! ಎಲ್ಲರೂ ಹಾಗಿರಲಿಲ್ಲ ಅನ್ನುವುದನ್ನೂ ಹೇಳಬೇಕು. 'ಕ್ರಿಶ್ಚಿಯಾನಿಟಿ ಟುಡೇ' ಎಂಬ ಇವಾಂಜೆಲಿಕಲ್ ಪತ್ರಿಕೆ 2000ದ ಜನವರಿಯಲ್ಲೇ ಹ್ಯಾರಿಯನ್ನು ಮೆಚ್ಚಿ ಸಂಪಾದಕೀಯ ಬರೆದಿತ್ತು.

ಕತ್ತರಿ ಹಾಕಿ ನೋಡುವವರದ್ದು ಇನ್ನೊಂದು ದಾರಿ. ಬೈಗುಳ, ಬೆತ್ತಲೆ, ರಕ್ತ ಬಂದಕಡೆ ತಾನೇ ಹಾರಿಸಿಬಿಡುವ ಯಂತ್ರಗಳು ಬಂದವು, 2005ರಲ್ಲಿ ಅವಕ್ಕೆ ಕಾನೂನಿನ ರಕ್ಷಣೆಯೂ ಸಿಕ್ಕಿತು. ಇದರ ಬಗ್ಗೆ ನಮಗೆ ದೊಡ್ಡ ತಕರಾರಿಲ್ಲ, ದೊಡ್ಡ ಉತ್ಸಾಹವೂ ಇಲ್ಲ. ಬೈಗುಳ ತೆಗೆದಮೇಲೂ ದುರಾಸೆಯ ಕಥೆ ದುರಾಸೆಯ ಕಥೆಯೇ.

ನಮಗೆ ಹೆಚ್ಚು ಕುತೂಹಲ ಇರುವುದು ತಾವೇ ಕೂತು ಕಾರ್ಟೂನ್ ಮಾಡಿದವರ ಬಗ್ಗೆ. 1993ರಲ್ಲಿ ಫಿಲ್ ವಿಶರ್ ಮತ್ತು ಮೈಕ್ ನವ್ರಾಕಿ ಎಂಬ ಇಬ್ಬರು ಯುವಕರು 'ವೆಜ್ಜಿಟೇಲ್ಸ್' ಅಂತ ಒಂದು ವಿಡಿಯೋ ತಂದರು. ನಾಯಕರು ಯಾರಪ್ಪಾ ಅಂದರೆ ಬಾಬ್ ಎಂಬ ಟೊಮೆಟೊ, ಲ್ಯಾರಿ ಎಂಬ ಸೌತೆಕಾಯಿ. ಆಗಿನ ಕಂಪ್ಯೂಟರಿನಲ್ಲಿ ಕೈಕಾಲು, ಕೂದಲು, ಬಟ್ಟೆ ಬಿಡಿಸುವುದು ಭಾರೀ ಕಷ್ಟ. ಇದ್ಯಾವುದೂ ಇಲ್ಲದ ಪಾತ್ರ ಬೇಕಿತ್ತು. ವಿಶರ್ ಮೊದಲು ಚಾಕೊಲೇಟ್ ಬಾರ್ ಬಿಡಿಸಿದ್ದರಂತೆ. ಮಕ್ಕಳು ಚಾಕೊಲೇಟಿಗೆ ಮರುಳಾದರೆ ಅಮ್ಮಂದಿರು ಬೈತಾರೆ ಅಂತ ಹೆಂಡತಿ ಹೇಳಿದ ಮೇಲೆ ತರಕಾರಿ ಬಂತು. ಈ ತರಕಾರಿಗಳು ಬೈಬಲಿನ ಕಥೆಗಳನ್ನು ನಗಿಸುತ್ತಾ ಆಡಿ ತೋರಿಸಿದವು, ಮನೆಮನೆಗೆ ಕ್ಯಾಸೆಟ್ ಹೋಯಿತು. 2002ರಲ್ಲಿ ಯೋನನ ಕಥೆ ಸಿನಿಮಾ ಆಗಿ ಥಿಯೇಟರಿಗೂ ಬಂತು. ಮರುವರ್ಷವೇ ಕಂಪನಿ ದಿವಾಳಿ! 2006ರಲ್ಲಿ ಎನ್‌ಬಿಸಿ ಚಾನೆಲ್ ಈ ಕಾರ್ಯಕ್ರಮವನ್ನು ಶನಿವಾರ ಬೆಳಿಗ್ಗೆ ಹಾಕಲು ಶುರುಮಾಡಿದಾಗ ದೇವರು, ಬೈಬಲು ಅಂತ ಬಂದ ಮಾತುಗಳಿಗೆ ಕತ್ತರಿ ಬಿತ್ತು. ಟೊಮೆಟೊ ಉಳಿಯಿತು, ದೇವರು ಹೋದ.

ವರ್ಷಗಳ ಮೇಲೆ ವಿಶರ್ ಒಂದು ಸಂದರ್ಶನದಲ್ಲಿ ಹೇಳಿದ್ದು ನಮಗೆ ಈ ಎಲ್ಲ ಕಥೆಗಿಂತ ಮುಖ್ಯ ಅನಿಸಿತು. ಸುಳ್ಳು ಹೇಳಬೇಡ, ಹಂಚಿಕೊಂಡು ತಿನ್ನು ಅಂತ ಒಳ್ಳೆಯ ನಡತೆ ಕಲಿಸಿದೆವೇ ಹೊರತು ಕ್ರೈಸ್ತ ಧರ್ಮವನ್ನು ಕಲಿಸಲಿಲ್ಲ ಅನ್ನುವ ಅರ್ಥದ ಮಾತದು. ಕಟ್ಟಿದವರೇ ಹೀಗೆ ಹೇಳುವುದಕ್ಕೆ ಎದೆಗಾರಿಕೆ ಬೇಕು. ನಮ್ಮ ನೀತಿಕಥೆಗಳ ಆನಿಮೇಶನ್ ಮಾಡುವವರೂ ಇದನ್ನು ಒಮ್ಮೆ ಕೇಳಿಸಿಕೊಳ್ಳಬೇಕು. ಕೊನೆಗೊಂದು ನೀತಿ ಅಂಟಿಸಿದ ಮಾತ್ರಕ್ಕೆ ಮಗುವಿನೊಳಗೆ ಏನೋ ಆಗಿಬಿಡುತ್ತದೆ ಅಂತ ನಾವೆಲ್ಲ ನಂಬಿಕೊಂಡಿದ್ದೇವೆ.

ಇದಕ್ಕೆ ತದ್ವಿರುದ್ಧವಾದ ಕೆಲಸ ಮಾಡಿದವರು ಫ್ರೆಡ್ ರಾಜರ್ಸ್. ಟಿವಿಯಲ್ಲಿ ಒಬ್ಬರ ಮುಖಕ್ಕೆ ಒಬ್ಬರು ತಿಂಡಿ ಎರಚಿ ನಗಿಸುವುದನ್ನು ನೋಡಿ ಬೇಸತ್ತು ಆ ಮಾಧ್ಯಮಕ್ಕೇ ಬಂದವರು. 1963ರಲ್ಲಿ ಪ್ರೆಸ್ಬಿಟೇರಿಯನ್ ಸಭೆ ಅವರಿಗೆ ಪಾದ್ರಿ ದೀಕ್ಷೆ ಕೊಟ್ಟಾಗ ವಹಿಸಿದ್ದು ಚರ್ಚನ್ನಲ್ಲ, ಟಿವಿಯ ಮೂಲಕ ಮಕ್ಕಳ ಸೇವೆಯನ್ನು. 1968ರಿಂದ 2001ರವರೆಗೆ ಪಿಟ್ಸ್‌ಬರ್ಗಿನಿಂದ ಅವರ ಕಾರ್ಯಕ್ರಮ ಬಂತು. ಕಾರ್ಡಿಗನ್ ಹಾಕಿಕೊಂಡು, ಬೂಟು ಬದಲಿಸಿ, ಮೀನಿಗೆ ತಿಂಡಿ ಹಾಕಿ, ನಿಧಾನಕ್ಕೆ ಮಾತಾಡುವ ಮನುಷ್ಯ. ಯೇಸುವಿನ ಪ್ರವಚನ ಮಾಡಲಿಲ್ಲ. 1968ರಲ್ಲಿ ರಾಬರ್ಟ್ ಕೆನಡಿ ಹತ್ಯೆಯಾದಾಗ ಅವರ ಕೈಗೊಂಬೆ ಹುಲಿ, ಹತ್ಯೆ ಅಂದರೇನು ಅಂತ ಕೇಳಿತು. ದೊಡ್ಡವರು ಮಕ್ಕಳ ಮುಂದೆ ಬಾಯಿ ಮುಚ್ಚಿಕೊಂಡಿದ್ದ ದಿನಗಳವು. 1969ರ ಒಂದು ಕಂತಿನಲ್ಲಿ ರಾಜರ್ಸ್ ಚಿಕ್ಕದೊಂದು ಪ್ಲಾಸ್ಟಿಕ್ ತೊಟ್ಟಿಯಲ್ಲಿ ಕಾಲು ಇಳಿಬಿಟ್ಟು ಕೂತು, ಕಪ್ಪು ಪೊಲೀಸ್ ಅಧಿಕಾರಿ ಕ್ಲೆಮನ್ಸ್‌ಗೆ ನೀವೂ ಬನ್ನಿ ಅಂತ ಕರೆದರು. ಕರಿಯರ ಜೊತೆ ಈಜುಕೊಳ ಹಂಚಿಕೊಳ್ಳಲು ಬಿಳಿಯರು ಒಪ್ಪದಿದ್ದ ದೇಶ ಅದು. ಒಂದೇ ನೀರು, ನಾಲ್ಕು ಕಾಲು, ಒಂದೇ ಟವೆಲು. ಯೇಸು ಶಿಷ್ಯರ ಕಾಲು ತೊಳೆದದ್ದು ಗೊತ್ತಿರುವ ಮನೆಯವರಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಗೊತ್ತಿಲ್ಲದ ಮಗುವಿಗೂ ಏನೂ ಕಡಿಮೆ ಆಗಲಿಲ್ಲ.

ಆದರೆ ಆ ತೊಟ್ಟಿಯ ಕಥೆಗೆ ಇನ್ನೊಂದು ಮಗ್ಗುಲಿದೆ. ಆ ಪಾತ್ರ ಮಾಡಿದ ಗಾಯಕ ಫ್ರಾಂಸ್ವಾ ಕ್ಲೆಮನ್ಸ್ ಸಲಿಂಗಿ. ಅದನ್ನು ಬಹಿರಂಗ ಮಾಡಿದರೆ ಕಾರ್ಯಕ್ರಮದಲ್ಲಿ ಇರಲಾಗುವುದಿಲ್ಲ ಅಂತ ರಾಜರ್ಸ್ ಹೇಳಿದ್ದನ್ನು ಅವರು ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಷ್ಟು ಮೃದು ಮನುಷ್ಯನೂ ಹಾಗೆ ಹೇಳಬೇಕಾಗಿ ಬಂದದ್ದು ಯಾರಿಗೆ ಹೆದರಿ? ಪ್ರಾಯೋಜಕರಿಗೆ, ಮತ್ತು ಟಿವಿ ಮುಂದೆ ಕೂತ ಅಪ್ಪ-ಅಮ್ಮಂದಿರಿಗೆ. ಬಹಿಷ್ಕಾರದ ಲೆಕ್ಕ ಹಾಕುವಾಗ ಡಿಸ್ನಿಗೆ ನಷ್ಟ ಆಯಿತೋ ಇಲ್ಲವೋ ಅಂತಷ್ಟೇ ನೋಡಿದರೆ ಇಂಥವರು ಲೆಕ್ಕಕ್ಕೇ ಸಿಗುವುದಿಲ್ಲ.

ಇದೆಲ್ಲ ಅಮೆರಿಕದ ಉಸಾಬರಿ ಅನ್ನಬೇಡಿ. ನಮ್ಮಲ್ಲೂ ಪೋಷಕರ ದೂರಿನ ಮೇಲೆ 2008ರಲ್ಲಿ ಶಿನ್‌ಚಾನ್ ಪ್ರಸಾರ ನಿಂತಿತ್ತು, ಆಮೇಲೆ ಕತ್ತರಿ ಹಾಕಿಸಿಕೊಂಡು ವಾಪಸು ಬಂತು. ದೂರಿದವರು ಎಲ್ಲ ಧರ್ಮದವರೂ ಇದ್ದಾರು. ಕರಾವಳಿಯ ಕ್ಯಾಥೊಲಿಕ್ ಮನೆಗಳಲ್ಲಿ ಜಗಳ ಇನ್ನೊಂದು ಬಗೆಯದು. ಸಂಜೆ ತೇರ್ಸ್ ಹೊತ್ತಿಗೂ ಮಕ್ಕಳ ಕಾರ್ಟೂನಿನ ಹೊತ್ತಿಗೂ ಸರಿಯಾಗಿ ಡಿಕ್ಕಿ. ನಮ್ಮ ಸಹಪಾಠಿಯೊಬ್ಬಳ ಮನೆಯಲ್ಲಿ ಜಪಮಾಲೆ ಹಿಡಿದು ಕೂತ ಮೊಮ್ಮಗನ ಒಂದು ಕಣ್ಣು ಮೇಜಿನ ಮೇಲಿನ ಮೊಬೈಲಿನತ್ತಲೇ. ಅವನು ನೋಡೋದು ನಿಮಗೆ ಇಷ್ಟವಾ ಆಂಟಿ ಅಂತ ಕೇಳಿದೆವು. "ಅದು ಹಿಂದಿಯಲ್ಲಿ ಹೇಳುವುದೇ ನಂಗೆ ಅರ್ಥ ಆಗುದಿಲ್ಲ ಮಾರಾಯ್ತಿ, ಮತ್ತೆ ಎಂತ ಇಷ್ಟ, ಎಂತ ಕಷ್ಟ?" ಅಂದರು.

ಈ ಮಾತು ನಮ್ಮ ತಲೆಯಿಂದ ಹೋಗಿಲ್ಲ. ಅಮೆರಿಕದ ಅಮ್ಮ ಕಾರ್ಟೂನನ್ನು ಬೈಯುವಾಗ ಅದು ಅವಳ ಭಾಷೆಯಲ್ಲಿದೆ. ತಪ್ಪಾಗಿ ಅರ್ಥ ಮಾಡಿಕೊಂಡಾಳು, ಆದರೆ ಕೇಳಿಸಿಕೊಳ್ಳಬಲ್ಲಳು. ನಮ್ಮ ಹಳ್ಳಿಗಳ ಅಮ್ಮಂದಿರಿಗೆ, ಅವರು ಚರ್ಚಿಗೆ ಹೋಗುವವರಿರಲಿ, ಗುಡಿಗೆ, ಮಸೀದಿಗೆ ಹೋಗುವವರಿರಲಿ, ಆ ಅವಕಾಶವೇ ಇಲ್ಲ. ಡಬ್ಬಿಂಗ್ ಬೇಡ ಅನ್ನುವ ಹಟದಲ್ಲಿ ಕನ್ನಡ ದಶಕಗಳನ್ನು ಕಳೆಯಿತು. ಮಕ್ಕಳಿಗೆ ಅಂತ ಚಿಂಟು ಟಿವಿ ಬಂದದ್ದು 2009ರಲ್ಲಿ. ಅಷ್ಟರೊಳಗೆ ಕಾರ್ಟೂನ್ ನೋಡಿ ಹಿಂದಿ ಕಲಿತ ಮಕ್ಕಳು ಅಮ್ಮನಿಗೇ ಹಿಂದಿ ಹೇಳಿಕೊಡುವಷ್ಟು ಬೆಳೆದಿದ್ದರು. ಈಗ ಮೊಬೈಲು ಬಂದಮೇಲಂತೂ ಯಾವ ದೇಶದ ಯಾರು ಮಾಡಿದ ವಿಡಿಯೋ ಅನ್ನೋದೂ ತಿಳಿಯದು. ಕೈಬೆರಳು ಒತ್ತಿದ್ದೇ ಕಾರ್ಯಕ್ರಮ.

ಹಾಗಾಗಿ ನಮ್ಮ ಬೇಡಿಕೆ ಇರುವುದು ಬ್ಯಾನ್ ಮಾಡಿ ಅನ್ನುವವರ ಕಡೆಗಲ್ಲ, ಮಕ್ಕಳಿಗೆ ಕಾರ್ಯಕ್ರಮ ಕೊಂಡು ತರುವ ಚಾನೆಲ್ ಮತ್ತು ಆ್ಯಪ್‌ಗಳ ಕಡೆಗೆ. ಮಗು ನೋಡುವುದನ್ನು ಮನೆಯ ಭಾಷೆಯಲ್ಲೂ ಕೊಡಿ. ಕನ್ನಡದಲ್ಲಿ ಕೊಡಿ, ಆದರೆ ಕೊಂಕಣಿ, ತುಳುವಿನಲ್ಲೂ ಕೊಡಿ. ಇಷ್ಟವೋ ಕಷ್ಟವೋ ಅಂತ ಆಮೇಲೆ ಆ ಆಂಟಿಯೇ ಹೇಳುತ್ತಾರೆ. ಅಲ್ಲಿಯವರೆಗೆ ಅವರು ಕಂಡುಕೊಂಡ ಉಪಾಯವೊಂದಿದೆ. ತೇರ್ಸ್ ಮುಗಿದ ಮೇಲೆ ಅವರು ಬೀನ್ಸ್ ಹಚ್ಚುತ್ತಾ ಕೂರುತ್ತಾರೆ, ಮೊಮ್ಮಗ ಅವತ್ತು ನೋಡಿದ ಕಥೆಯನ್ನು ಪೂರ್ತಿ ಕೊಂಕಣಿಯಲ್ಲಿ ಹೇಳಬೇಕು. ಹೇಳದಿದ್ದರೆ ನಾಳೆ ಮೊಬೈಲಿಲ್ಲ. ಹೇಳುವಾಗ ಅವನು ಕೆಲವು ಕಡೆ ತಾನಾಗಿಯೇ ತಡವರಿಸುತ್ತಾನಂತೆ. ಅಲ್ಲಿ ಅವರು ಚೂರಿ ನಿಲ್ಲಿಸಿ, ಹಾಂ, ಮತ್ತೆ ಅಂತ ಕೇಳುತ್ತಾರೆ.