ಅಮ್ಮನ ಔಷಧಿ ಚೀಲ

“ನಿಮ್ಮ ತಾಯಿ ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ ಮೇಷ್ಟ್ರೇ. ಒಂದನ್ನೂ ಬಿಡಬೇಡಿ” ಎಂದರು ಡಾಕ್ಟರು.

ಅಮ್ಮನಿಗೆ ಎಪ್ಪತ್ತೆಂಟು ವರ್ಷ. ತಿಂಗಳಿಂದ ಪಾದ ಊದುತ್ತಿತ್ತು. ಊಟ ಸೇರುತ್ತಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ 2.1 ಎಂದು ಬಂತು. 1.1ರೊಳಗೆ ಇರಬೇಕೆಂದು ಆ ಹಾಳೆಯ ಅಂಚಿನಲ್ಲೇ ಅಚ್ಚಾಗಿತ್ತು. ಸ್ನಾಯುಗಳಲ್ಲಿ ಹುಟ್ಟುವ ಈ ಕಸವನ್ನು ಮೂತ್ರಪಿಂಡಗಳು ಸೋಸಿ ಹೊರಹಾಕುತ್ತವೆ. ರಕ್ತದಲ್ಲಿ ಅದು ಏರಿತೆಂದರೆ ಸೋಸುವ ಕೆಲಸ ಕುಂಟುತ್ತಿದೆ ಎಂದರ್ಥ. ಇದನ್ನು ನಾನು ವರ್ಷವೂ ಮಕ್ಕಳಿಗೆ ಪಾಠ ಮಾಡುತ್ತೇನೆ.

ಮನೆಗೆ ಹೋಗಿ ಹುಡುಕಿದೆ. ದೇವರ ಗೂಡಿನಲ್ಲಿ ಎರಡು ಪಟ್ಟಿ, ದಿಂಬಿನ ಕೆಳಗೆ ಒಂದು, ಅಡುಗೆಮನೆಯ ಸಾಸಿವೆ ಡಬ್ಬಿಯ ಪಕ್ಕದಲ್ಲಿ ಉಳಿದವು. ಒಟ್ಟು ಹನ್ನೊಂದು ಬಗೆಯ ಮಾತ್ರೆಗಳು! ಡಾಕ್ಟರು ಅವನ್ನೆಲ್ಲ ಮೇಜಿನ ಮೇಲೆ ಇಸ್ಪೀಟು ಎಲೆಗಳಂತೆ ಹರಡಿದರು. ಮೂರನ್ನು ಆರಿಸಿ ನನ್ನ ಮುಂದೆ ಸರಿಸಿ, “ದೊಡ್ಡ ಅಕ್ಷರ ಬಿಡಿ, ಕೆಳಗಿನ ಸಣ್ಣ ಅಕ್ಷರ ಓದಿ” ಎಂದರು.

ಮೂರು ಕಂಪನಿ, ಮೂರು ಹೆಸರು, ಮೂರು ಬಣ್ಣ. ಸಣ್ಣ ಅಕ್ಷರದಲ್ಲಿ ಮಾತ್ರ ಮೂರರಲ್ಲೂ ಒಂದೇ ಹೆಸರು: ಡೈಕ್ಲೋಫೆನಾಕ್. ಮೊದಲನೆಯದು ಎರಡು ವರ್ಷದ ಹಿಂದೆ ಮಂಡಿನೋವಿಗೆಂದು ಮೂಳೆ ವೈದ್ಯರು ಹತ್ತು ದಿನಕ್ಕೆ ಬರೆದುಕೊಟ್ಟದ್ದು. ಎರಡನೆಯದು ಇನ್ನೊಬ್ಬ ವೈದ್ಯರದ್ದು. ಮೂರನೆಯದು ಔಷಧಿ ಅಂಗಡಿಯ ಹುಡುಗ ತಾನಾಗಿಯೇ ಕೊಟ್ಟದ್ದು, ಪ್ಯಾರಾಸಿಟಮಾಲ್ ಬೆರೆಸಿದ್ದು. ಹತ್ತು ದಿನದ ಮಾತ್ರೆ ಎರಡು ವರ್ಷ ನಡೆದಿತ್ತು. ಹಳೆಯ ಚೀಟಿ ಹಿಡಿದು ತಿಂಗಳು ತಿಂಗಳೂ ಅದನ್ನು ತಂದುಕೊಟ್ಟವರು ಯಾರು? ಬಿ.ಎಸ್ಸಿ. ಓದಿ, ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟ ಈ ಮಗನೇ.

ನೋವಿನ ಮಾತ್ರೆ ಹೇಗೆ ಕೆಲಸ ಮಾಡುತ್ತದೆಂಬುದು ಬಹಳ ಕಾಲ ಗೊತ್ತಿರಲಿಲ್ಲ. 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ಆಸ್ಪಿರಿನ್ನಿನ ಗುಟ್ಟು ಬಿಡಿಸಿದರು. ಪೆಟ್ಟು ಬಿದ್ದ ಜಾಗದಲ್ಲಿ ನಮ್ಮ ದೇಹ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ತಯಾರಿಸುತ್ತದೆ. ಊತ, ನೋವು ಹೆಚ್ಚುವುದು ಅವುಗಳಿಂದ. ಮಾತ್ರೆ ಆ ತಯಾರಿಕೆಯನ್ನೇ ತಡೆಯುತ್ತದೆ. ಇದಕ್ಕಾಗಿ 1982ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದವುಗಳ ದಾರಿಯೂ ಇದೇ.

ತೊಡಕಿರುವುದು ಇಲ್ಲೇ. ಅದೇ ರಾಸಾಯನಿಕಗಳು ಜಠರದ ಒಳಪದರವನ್ನು ಆಮ್ಲದಿಂದ ಕಾಪಾಡುತ್ತವೆ. ಮೂತ್ರಪಿಂಡಕ್ಕೆ ಹೋಗುವ ರಕ್ತನಾಳಗಳನ್ನು ಅಗಲವಾಗಿ ಇಡುವುದರಲ್ಲೂ ನೆರವಾಗುತ್ತವೆ. ಮಂಡಿಯಲ್ಲಿ ಮಾತ್ರ ಅವನ್ನು ತಡೆ, ಹೊಟ್ಟೆಯಲ್ಲಿ ಬೇಡ ಎಂದು ಮಾತ್ರೆಗೆ ಹೇಳಲಾಗದು. ನಾಲ್ಕು ದಿನಕ್ಕೆ ಆರೋಗ್ಯವಂತರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ವಯಸ್ಸಾದವರು ತಿಂಗಳುಗಟ್ಟಲೆ ನುಂಗಿದರೆ, ಅದರ ಜೊತೆಗೆ ಕೆಲವು ಬಗೆಯ ರಕ್ತದೊತ್ತಡದ ಮಾತ್ರೆಗಳೂ ಮೂತ್ರ ಹೋಗಿಸುವ ಮಾತ್ರೆಯೂ ಸೇರಿದರೆ, ಮೂತ್ರಪಿಂಡಕ್ಕೆ ಮೂರು ಕಡೆಯಿಂದ ಪೆಟ್ಟು.

ಡೈಕ್ಲೋಫೆನಾಕ್ ಎಂಬ ಹೆಸರು ಓದಿದಾಗ ನನಗೆ ನೆನಪಾದದ್ದು ರಾಮನಗರದ ರಾಮದೇವರ ಬೆಟ್ಟ. 2012ರಲ್ಲಿ ಅದನ್ನು ರಣಹದ್ದುಗಳ ಧಾಮವೆಂದು ಘೋಷಿಸಿದ ಮೇಲೆ ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ದಿದ್ದೆ. ಒಂದು ಕಾಲಕ್ಕೆ ದೇಶದ ಊರೂರಿನ ಆಕಾಶದಲ್ಲಿದ್ದ ಈ ಹಕ್ಕಿಗಳು 1990ರ ದಶಕದಲ್ಲಿ ಕಣ್ಣೆದುರೇ ಕರಗಿಹೋದವು. ಕಾರಣ ಪತ್ತೆಯಾದದ್ದು 2004ರಲ್ಲಿ: ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್. ಮದ್ದು ಇನ್ನೂ ಮೈಯಲ್ಲಿದ್ದ ದನ ಸತ್ತಾಗ ಅದನ್ನು ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. 2006ರಲ್ಲಿ ಭಾರತ ಸರ್ಕಾರ ದನಗಳಿಗೆ ಈ ಮದ್ದನ್ನು ನಿಷೇಧಿಸಿತು. ಹದ್ದಿನ ಮೈಗೂ ಮನುಷ್ಯನ ಮೈಗೂ ಬಹಳ ವ್ಯತ್ಯಾಸವಿದೆ, ನಿಜ. ಅದಕ್ಕೆ ಚೂರು ಸಾಕು, ನಮಗೆ ಚೂರಿನಿಂದ ಏನೂ ಆಗದು. ಆದರೂ ಬೆಟ್ಟದ ಬುಡದಲ್ಲಿ ನಿಂತು ಮಕ್ಕಳಿಗೆ ಇಷ್ಟೆಲ್ಲ ಹೇಳಿದವನಿಗೆ ಮನೆಯ ಸಾಸಿವೆ ಡಬ್ಬಿಯ ಪಕ್ಕದಲ್ಲಿದ್ದದ್ದು ಕಾಣಲಿಲ್ಲವಲ್ಲ!

ಉಳಿದ ಮಾತ್ರೆಗಳ ಕಥೆಯೂ ಸ್ವಾರಸ್ಯವಾಗಿತ್ತು. ನೋವಿನ ಮಾತ್ರೆಯಿಂದ ಎದೆಯುರಿ, ಅದಕ್ಕೊಂದು ಮಾತ್ರೆ. ಅದೇ ನೋವಿನ ಮಾತ್ರೆ ರಕ್ತದೊತ್ತಡವನ್ನೂ ಏರಿಸುತ್ತದೆ, ನೀರನ್ನೂ ಮೈಯಲ್ಲಿ ಉಳಿಸುತ್ತದೆ. ಹಾಗಾಗಿ ಒತ್ತಡಕ್ಕೆ ಎರಡನೆಯ ಮಾತ್ರೆ, ಊತಕ್ಕೆ ಮೂರನೆಯದು. ಇಲಿ ಬಂತೆಂದು ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆಂದು ಹಸು ಕಟ್ಟಿದ ಸನ್ಯಾಸಿಯ ಸಂಸಾರದ ಹಾಗೆ. ಯಾವ ವೈದ್ಯರೂ ಬೇಕೆಂದು ತಪ್ಪು ಮಾಡಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಮುಂದಿದ್ದ ತೊಂದರೆಗೆ ಬರೆದಿದ್ದರು. ಇಡೀ ಚೀಲವನ್ನು ಯಾರೂ ನೋಡಿರಲಿಲ್ಲ; ನಾವು ತೋರಿಸಿಯೂ ಇರಲಿಲ್ಲ.

ಡಾಕ್ಟರು ಮೂರು ನೋವಿನ ಮಾತ್ರೆಗಳನ್ನೂ ತೆಗೆದುಹಾಕಿದರು. ಉಳಿದವನ್ನು ಒಂದೊಂದಾಗಿ, ಪರೀಕ್ಷೆ ಮಾಡುತ್ತಾ ಇಳಿಸಿದರು. ಎರಡು ತಿಂಗಳಲ್ಲಿ ಹನ್ನೊಂದು ಐದಾಯಿತು, ಕ್ರಿಯಾಟಿನಿನ್ 1.4ಕ್ಕೆ ಬಂತು. ಪೂರ್ತಿ ಇಳಿಯಲಿಲ್ಲ. ಇನ್ನು ಇಳಿಯುವುದೂ ಇಲ್ಲವೇನೋ.

ಆದರೆ ಮಂಡಿ? “ನೋವಿಗೆ ನುಂಗಬೇಡ ಅಂದ್ರೆ ಹೆಂಗಪ್ಪಾ? ದೇವರ ಮುಂದೆ ದೀಪ ಹಚ್ಚೋಕೂ ಕೂರಕ್ಕಾಗಲ್ಲ” ಎಂದಳು ಅಮ್ಮ. ಸರಿಯಾದ ಪ್ರಶ್ನೆ. ಮಾತ್ರೆ ಬಿಡಿ ಎನ್ನುವುದು ಸುಲಭ, ನೋವು ಅನುಭವಿಸುವವರು ಬೇರೆ.

ನಮ್ಮ ನೆಂಟರ ಹುಡುಗನೊಬ್ಬ ಇದಕ್ಕೆ ಉತ್ತರವಾಗಿ ಸಂತೆಯಿಂದ ಒಂದು ಪುಡಿ ತಂದ. ಶುದ್ಧ ಗಿಡಮೂಲಿಕೆ, ಮೂರೇ ದಿನದಲ್ಲಿ ನೋವು ಮಾಯ ಎಂದ. ಪೊಟ್ಟಣದ ಮೇಲೆ ತಯಾರಿಸಿದವರ ಹೆಸರಿಲ್ಲ, ಏನು ಬೆರೆಸಿದೆ ಎಂದೂ ಇಲ್ಲ. ಇಂಥ ಪುಡಿಗಳನ್ನು ಪರೀಕ್ಷಿಸಿದಾಗ ಸ್ಟಿರಾಯ್ಡು, ನೋವಿನ ಮಾತ್ರೆಯ ಪುಡಿ ಸಿಕ್ಕಿರುವುದುಂಟು. ಮೂರು ದಿನದಲ್ಲಿ ನೋವು ಹೋಗುವುದರ ಗುಟ್ಟು ಅದೇ. ಅಲೋಪತಿಗೆ ಒಂದು ತಕ್ಕಡಿ, ನಾಟಿ ಮದ್ದಿಗೆ ಇನ್ನೊಂದು ತಕ್ಕಡಿ ಇಟ್ಟುಕೊಳ್ಳಬಾರದು. ಇದರಲ್ಲೇನಿದೆ ಎಂದು ಎರಡನ್ನೂ ಕೇಳಬೇಕು. ಪುಡಿ ತಿಪ್ಪೆ ಸೇರಿತು.

ಕೊನೆಗೆ ಅಮ್ಮನಿಗೆ ಅನುಕೂಲವಾದದ್ದು ಇಷ್ಟು. ಕುರ್ಚಿಯ ಮೇಲೆ ಕೂತು ಒಂದು ಕಾಲನ್ನು ನೇರವಾಗಿ ಎತ್ತಿ, ಐದು ಎಣಿಸುವವರೆಗೆ ಹಿಡಿದು ಇಳಿಸುವುದು. ಕಾಲಿಗೆ ಹತ್ತು ಸಲ, ಬೆಳಿಗ್ಗೆ ಸಂಜೆ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಯ ಭಾರವನ್ನು ಅದು ಹಂಚಿಕೊಳ್ಳುತ್ತದೆ. ಮೈತೂಕ ನಾಲ್ಕು ಕಿಲೋ ಇಳಿಸಿದಳು. ಮೈಯ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ತಗ್ಗುತ್ತದೆಂದು ಅಳೆದು ನೋಡಿದ್ದಾರೆ. ಊರುಗೋಲನ್ನು ನೋಯುವ ಕಾಲಿನ ಕಡೆಯಲ್ಲ, ಎದುರು ಕೈಯಲ್ಲಿ ಹಿಡಿಯುವುದು. ಬಿಸಿನೀರಿನ ಶಾಖ, ಕೂರಲು ಎತ್ತರದ ಸ್ಟೂಲು. ಹರಳೆಣ್ಣೆ ಹಚ್ಚಿ ನೀವಿದರೆ ಅವಳಿಗೆ ಹಿತ, ನಮಗೂ ಅವಳ ಪಕ್ಕ ಹತ್ತು ನಿಮಿಷ ಕೂರುವ ನೆಪ. ತೀರ ನೋವಾದ ದಿನ ಡಾಕ್ಟರು ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್. ನೋವು ಪೂರ್ತಿ ಹೋಗಿಲ್ಲ. ಹಿತ್ತಲಿನವರೆಗೆ ನಡೆದು ಹೂ ಬಿಡಿಸಿಕೊಂಡು ಬರುತ್ತಾಳೆ.

ಇದನ್ನು ಓದಿ ಯಾರೂ ದಯವಿಟ್ಟು ರಕ್ತದೊತ್ತಡದ ಮಾತ್ರೆಯನ್ನೋ ಸಕ್ಕರೆ ಕಾಯಿಲೆಯ ಮಾತ್ರೆಯನ್ನೋ ತಾವಾಗಿ ನಿಲ್ಲಿಸಬೇಡಿ. ಅವು ಜೀವ ಉಳಿಸುವ ಮಾತ್ರೆಗಳು, ತಟ್ಟನೆ ನಿಲ್ಲಿಸಿದರೆ ಅಪಾಯ. ಮಾಡಬೇಕಾದದ್ದು ಚಿಕ್ಕ ಕೆಲಸ. ಆರು ತಿಂಗಳಿಗೊಮ್ಮೆ ಮನೆಯ ಹಿರಿಯರ ಮಾತ್ರೆಗಳನ್ನೆಲ್ಲ, ಪುಡಿ ಲೇಹ್ಯಗಳನ್ನೂ ಸೇರಿಸಿ, ಚೀಲಕ್ಕೆ ಹಾಕಿ ವೈದ್ಯರ ಮುಂದೆ ಸುರಿಯಿರಿ. ಇದು ಯಾವುದಕ್ಕೆ, ಎಷ್ಟು ದಿನಕ್ಕೆ, ಉಳಿದವುಗಳ ಜೊತೆ ಹೊಂದುತ್ತದೆಯೇ ಎಂದು ಕೇಳಿ. ಕೇಳಿದರೆ ಒಳ್ಳೆಯ ವೈದ್ಯರು ಬೇಸರ ಮಾಡಿಕೊಳ್ಳುವುದಿಲ್ಲ.

ಈಗ ಸಂಜೆ ಶಾಲೆಯಿಂದ ಬರುವ ಹೊತ್ತಿಗೆ ಅಮ್ಮ ಪಡಸಾಲೆಯ ಕುರ್ಚಿಯಲ್ಲಿ ಕಾಲು ಎತ್ತಿ ಇಳಿಸುತ್ತಿರುತ್ತಾಳೆ. ಕಣದಲ್ಲಿ ರಾಗಿ ಅಳೆದ ಕೈ ಅವಳದು. ಒಂದು ಎನ್ನುವುದಿಲ್ಲ. “ಲಾಭ... ಎರಡು... ಮೂರು...” ಎಂದೇ ಎಣಿಸುತ್ತಾಳೆ.